ಎರೆಮಣ್ಣು ಕಲಸಿದರೆ ಬೋರ್ ನೀರಿನ ಯುರೇನಿಯಂ ಹೋಗುತ್ತಾ?

ನಿಮ್ಮ ಪ್ರಶ್ನೆ ಇದು: ಜೇಡಿಮಣ್ಣು ಯುರೇನಿಯಂ ಹಿಡಿದುಕೊಳ್ಳುತ್ತದೆ ಎಂದು ಓದಿದ್ದೀರಿ, ಗದಗ ಹತ್ತಿರ ನಿಮ್ಮ ಹೊಲದಲ್ಲಿ ಎರೆಮಣ್ಣು ಬೇಕಾದಷ್ಟಿದೆ, ಬೋರ್ ನೀರಿಗೆ ಅದನ್ನೇ ಕಲಸಿ ಸೋಸಿದರೆ ಸಾಕಲ್ವಾ?

ಸಾಲುವುದಿಲ್ಲ ರೀ. ಆದರೆ ನೀವು ಓದಿದ್ದು ಸುಳ್ಳೂ ಅಲ್ಲ. ನಮ್ಮದೂ ನರಗುಂದ ಕಡೆಯ ಎರೆ ಹೊಲ. ಧಾರವಾಡದಲ್ಲಿ ಕೆಮಿಸ್ಟ್ರಿ ಓದುವಾಗ ನನಗೂ ಇದೇ ಆಸೆ ಹುಟ್ಟಿತ್ತು.

ಗಾಳಿ ಬೆರೆತ ನೀರಿನಲ್ಲಿ ಯುರೇನಿಯಂ ಒಂಟಿಯಾಗಿ ಇರುವುದಿಲ್ಲ. ಎರಡು ಆಕ್ಸಿಜನ್ ಕಟ್ಟಿಕೊಂಡು ಯುರೇನೈಲ್ ಆಗಿರುತ್ತದೆ. ಅದರ ಮೇಲೆ ಎರಡು ಪ್ಲಸ್ ಚಾರ್ಜು.

ಎರೆಮಣ್ಣಿನಲ್ಲಿ ಹೆಚ್ಚಾಗಿರುವುದು ಸ್ಮೆಕ್ಟೈಟ್ ಜಾತಿಯ ಜೇಡಿ. ಬೇಸಿಗೆಯಲ್ಲಿ ಹೊಲ ಬಿರಿಯುವುದು, ಮಳೆ ಬಿದ್ದರೆ ಉಬ್ಬಿ ಚಪ್ಪಲಿ ಕಿತ್ತುಕೊಳ್ಳುವುದು ಅದರಿಂದಲೇ. ಖಡಕ್ ರೊಟ್ಟಿ ಪೇರಿಸಿಟ್ಟ ಹಾಗೆ ಅದರ ಪದರಗಳು. ಪ್ರತಿ ರೊಟ್ಟಿಗೂ ಮೈನಸ್ ಚಾರ್ಜು. ನಡುವೆ ಸೋಡಿಯಂ, ಕ್ಯಾಲ್ಸಿಯಂ ಕೂತಿರುತ್ತವೆ. ನೀರು ಸ್ವಲ್ಪ ಹುಳಿಯಾಗಿದ್ದು ಉಪ್ಪು ಕಮ್ಮಿ ಇದ್ದರೆ, ಯುರೇನೈಲ್ ಅವುಗಳನ್ನು ಎಬ್ಬಿಸಿ ತಾನು ಕೂರುತ್ತದೆ. ಉಪ್ಪು ಜಾಸ್ತಿಯಾದರೆ ಅಲ್ಲಿ ಜಾಗಕ್ಕೆ ಪೈಪೋಟಿ.

ಗಟ್ಟಿ ಹಿಡಿತ ಇರುವುದು ರೊಟ್ಟಿಯ ಅಂಚಿನಲ್ಲಿ. ಅಲ್ಲಿ ಅಲ್ಯೂಮಿನಿಯಂ, ಸಿಲಿಕಾನ್‌ಗೆ ಅಂಟಿದ ಆಕ್ಸಿಜನ್-ಹೈಡ್ರೋಜನ್ ಜೋಡಿಗಳಿವೆ. ಪಿಎಚ್ (ನೀರಿನ ಹುಳಿ-ಕ್ಷಾರ ಹೇಳುವ ಅಂಕಿ, ಕಮ್ಮಿಯಾದಷ್ಟೂ ಹುಳಿ) ಏರಿದಂತೆ ಹೈಡ್ರೋಜನ್ ಉದುರುತ್ತದೆ, ಆ ಆಕ್ಸಿಜನ್ ನೇರವಾಗಿ ಯುರೇನಿಯಂ ಕೈ ಹಿಡಿಯುತ್ತದೆ. ಪಿಎಚ್ 6ರಿಂದ 7ರ ಆಸುಪಾಸಿನಲ್ಲಿ ಈ ಹಿಡಿತ ಜೋರು. ಮಸಾರಿ ಮಣ್ಣನ್ನೂ ಕಡೆಗಣಿಸಬೇಡಿ, ಅದನ್ನು ಕೆಂಪಾಗಿಸುವ ಕಬ್ಬಿಣದ ಆಕ್ಸೈಡ್ ಕೂಡ ಯುರೇನಿಯಂ ಚೆನ್ನಾಗಿಯೇ ಹಿಡಿಯುತ್ತದೆ.

ಹಾಗಾದರೆ ಕೆಡುವುದು ಎಲ್ಲಿ? ನಮ್ಮ ನೀರಿನಲ್ಲೇ. ಬೇಳೆ ಬೇಯದ ಗಡಸು ನೀರು ನಮ್ಮದು. ಅದರಲ್ಲಿ ಕರಗಿದ ಬೈಕಾರ್ಬೊನೇಟ್, ಸುಣ್ಣ ತುಂಬಿದೆ. ಎರೆ ಹೊಲ ಅಗೆದಾಗ ಸಿಗುವ ಬಿಳಿ ಸುಣ್ಣದ ಹರಳು ನೋಡಿದ್ದೀರಲ್ಲ, ಅದೇ ಸುಣ್ಣ. ಪಿಎಚ್ 7 ದಾಟಿದರೆ ಆ ಬೈಕಾರ್ಬೊನೇಟಿನಿಂದಾದ, ಮೈನಸ್ ಚಾರ್ಜಿನ ಕಾರ್ಬೊನೇಟ್ ಬಂದು ಯುರೇನೈಲನ್ನು ಸುತ್ತಿಕೊಳ್ಳುತ್ತದೆ. ಎರಡೋ ಮೂರೋ ಕಾರ್ಬೊನೇಟ್ ಸೇರಿದರೆ ಒಟ್ಟು ಚಾರ್ಜು ಮೈನಸ್. ಜೇಡಿಯೂ ಮೈನಸ್. ಎರಡೂ ಒಂದನ್ನೊಂದು ತಳ್ಳುತ್ತವೆ. ಸುಣ್ಣದ ಕ್ಯಾಲ್ಸಿಯಂ ಕೂಡ ಜೊತೆ ಸೇರಿದರೆ ಚಾರ್ಜೇ ಇಲ್ಲದ ಜೋಡಣೆಯಾಗುತ್ತದೆ, ಅದಕ್ಕಂತೂ ಮಣ್ಣಿನ ಗೊಡವೆಯೇ ಬೇಡ. ಒಳ್ಳೆಯ ಜೇಡಿ ಇರುವ ಕಡೆಯೇ ಅದರ ಕೈ ಬಿಡಿಸುವ ಸುಣ್ಣವೂ ಇದೆ ನೋಡಿ!

ಇನ್ನೊಂದು ತೊಂದರೆ. ನಾನು ಸುಮ್ನೆ ಒಂದು ಮುಷ್ಟಿ ಎರೆಮಣ್ಣು ಬಕೆಟ್‌ಗೆ ಕಲಸಿ ನೋಡಿದ್ದೆ. ಮರುದಿನವೂ ನೀರು ಚಹಾದ ಬಣ್ಣವೇ. ಆ ನುಣುಪು ಕಣಗಳು ಬಟ್ಟೆಯಲ್ಲಿ ಸೋಸುವುದಿಲ್ಲ. ಒಂದಿಷ್ಟು ಯುರೇನಿಯಂ ಅಂಟಿದ್ದರೂ ಮಣ್ಣಿನ ಜೊತೆ ಅದನ್ನೂ ಕುಡಿದ ಹಾಗೆ. ಅಮ್ಮ ಬೈದಿದ್ದು ಬೇರೆ.

ಮೊದಲು ನೀರನ್ನು ಲ್ಯಾಬಿಗೆ ಕೊಡಿ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಅದನ್ನು ದಾಟಿದ್ದರೆ ಆರ್‌ಒ ಹಾಕಿಸಿ. ಕುದಿಸಬೇಡಿ, ನೀರು ಆವಿಯಾಗಿ ಯುರೇನಿಯಂ ಉಳಿದುಕೊಳ್ಳುತ್ತದೆ.