ಅರ್ಧ ಬಿಸ್ಕೆಟ್ ಕೊಟ್ಟರೆ ಏನಾಗುತ್ತದೆ ಅಂತ ಕೇಳಿದವರಿಗೆ

ನಿಮ್ಮ ಲ್ಯಾಬ್ರಡಾರ್ ಪಾದ ನೆಕ್ಕುವುದು, ಕಿವಿ ಕೆರೆದುಕೊಳ್ಳುವುದು ನಿಲ್ಲುತ್ತಿಲ್ಲ, ಡಾಕ್ಟರ್ 8 ವಾರ ಒಂದೇ ಬಗೆಯ ಊಟ ಕೊಡಿ ಅಂದಿದ್ದಾರೆ, ಆದರೆ ಅಜ್ಜಿ ಚಾ ಕುಡಿಯುವಾಗ ಅರ್ಧ ಬಿಸ್ಕೆಟ್ ಕೊಡುತ್ತಾರೆ, ಅಷ್ಟಕ್ಕೆ ಏನಾಗುತ್ತದೆ ಅಂತ ಕೇಳಿದ್ದೀರಿ. ಆಗುತ್ತದೆ ಮಾರಾಯ್ರೆ. 8 ವಾರದ ಕಷ್ಟವೆಲ್ಲ ವ್ಯರ್ಥ ಆಗಬಹುದು.

ತೂಕ ಇಳಿಸುವ ಪಥ್ಯದಲ್ಲಿ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ. ಇಲ್ಲಿ ಊಟವೇ ಪರೀಕ್ಷೆ. ನಾಯಿಗೆ ಊಟದ ಅಲರ್ಜಿ ಇದೆಯಾ ಅಂತ ತಿಳಿಯಲು ರಕ್ತ ಅಥವಾ ಕೂದಲಿನ ಪರೀಕ್ಷೆ ನಂಬುವ ಹಾಗಿಲ್ಲ. ಅಲರ್ಜಿ ಇದ್ದರೆ ಮೈಯೊಳಗಿನ ರೋಗ ನಿರೋಧಕ ಶಕ್ತಿ ಯಾವುದೋ ಒಂದು ಪ್ರೋಟೀನನ್ನು ಶತ್ರು ಅಂತ ನೆನಪಿಟ್ಟುಕೊಂಡಿರುತ್ತದೆ. ಅದು ಚೂರೇ ಒಳಗೆ ಹೋದರೂ ಕೆರೆತ ಮತ್ತೆ ಶುರುವಾಗಬಹುದು, ಕೆಲವಕ್ಕೆ ಅದೇ ದಿನ, ಕೆಲವಕ್ಕೆ ಎರಡು ವಾರದೊಳಗೆ ಯಾವತ್ತಾದರೂ. ಹಾಗಿರುವಾಗ ವಾರಕ್ಕೊಂದು ತುಂಡು ಬಿದ್ದರೂ ಚರ್ಮ ತಣಿಯಲು ಪುರುಸೊತ್ತು ಎಲ್ಲಿ? ಕೊನೆಗೆ ನೀವು ಊಟದಿಂದ ಅಲ್ಲ ಅಂತ ಬಿಟ್ಟುಬಿಡುತ್ತೀರಿ, ಪಾಪದ ಪ್ರಾಣಿ ವರ್ಷಗಟ್ಟಲೆ ಸುಮ್ನೆ ತುರಿಕೆಯ ಮಾತ್ರೆ ತಿನ್ನುತ್ತದೆ. ನನಗೆ ಜಾಸ್ತಿ ಬೇಜಾರಾಗುವುದು ಅದಕ್ಕೇ.

ನಾಯಿಗಳಲ್ಲಿ ಹೆಚ್ಚಾಗಿ ಅಲರ್ಜಿ ತರುವುದು ದನದ ಮಾಂಸ, ಹಾಲು, ಕೋಳಿ, ಗೋಧಿ. ಬಿಸ್ಕೆಟಿನಲ್ಲಿ ಗೋಧಿಯದ್ದೇ ಮೈದಾ ಇದೆ, ಹೆಚ್ಚಿನವುಗಳಲ್ಲಿ ಹಾಲೂ ಇದೆ!

ಇನ್ನೊಂದು, ನಮ್ಮ ಕಡೆಯವರು ಕೋಳಿ ಬಿಟ್ಟು ಮೀನು ಕೊಡುತ್ತೇವೆ ಅನ್ನುತ್ತಾರೆ. ಬೂತಾಯಿ, ಬಂಗುಡೆ ತಿಂದೇ ಬೆಳೆದ ನಾಯಿಗೆ ಮೀನು ಹೊಸದಲ್ಲ ಅಲ್ವಾ? ಅದು ಇದುವರೆಗೆ ತಿನ್ನದ ಮಾಂಸ ಬೇಕು. ಹಂದಿ ಅಥವಾ ಆಡಿನ ಮಾಂಸ ತಿಂದಿಲ್ಲವಾದರೆ ಅದನ್ನು ಡಾಕ್ಟರ ಹತ್ತಿರ ಕೇಳಿ, ಅನ್ನದ ಬದಲು ಗೆಣಸು ಆಗಬಹುದು. ಪ್ರೋಟೀನನ್ನು ಸಣ್ಣ ಸಣ್ಣ ತುಂಡಾಗಿ ಒಡೆದು ಮಾಡಿದ ಡಾಕ್ಟರ ಚೀಟಿಯ ಆಹಾರವೂ ಸಿಗುತ್ತದೆ, ದುಬಾರಿ, ಆದರೆ ತಲೆಬಿಸಿ ಕಡಿಮೆ. ಮರಿ ನಾಯಿಗಾದರೆ ಮನೆ ಅಡುಗೆಯನ್ನು ನಿಮ್ಮಷ್ಟಕ್ಕೇ ಶುರು ಮಾಡಬೇಡಿ, ಕ್ಯಾಲ್ಸಿಯಂ ಕಮ್ಮಿಯಾಗುತ್ತದೆ.

ಬಿಸ್ಕೆಟ್ ಕಣ್ಣಿಗೆ ಕಾಣುತ್ತದೆ, ಕಾಣದ್ದೇ ಹೆಚ್ಚು. ಹುಳದ ಮಾತ್ರೆಗೆ, ಉಣುಗಿನ ಮಾತ್ರೆಗೆ ಮಾಂಸದ ರುಚಿ ಸೇರಿಸಿರುತ್ತಾರೆ. ಮಾತ್ರೆಗೆ ಸವರುವ ತುಪ್ಪ, ಬೆಕ್ಕಿನ ತಟ್ಟೆ, ಬಾವಿಕಟ್ಟೆಯ ಹತ್ತಿರ ಮೀನು ಕೊಯ್ದ ಜಾಗ. ಮಲ್ಪೆ ಕಡೆ ವಾಕಿಂಗ್ ಹೋದರೆ ಒಣಮೀನಿನ ಚೂರು ಬಾಯಿಗೆ ಹೋಗುವುದು ನಿಮಗೆ ಗೊತ್ತೇ ಆಗುವುದಿಲ್ಲ, ಬೆಲ್ಟು ಗಿಡ್ಡ ಹಿಡಿಯಿರಿ. ಹಾಗಂತ ಉಣುಗಿನ ಔಷಧಿ ನಿಲ್ಲಿಸಬೇಡಿ, ಬೆನ್ನಿಗೆ ಹಾಕುವ ಔಷಧಿ ಆಗುತ್ತದಾ ಕೇಳಿ.

ಅಜ್ಜಿಗೆ ಬೈಯಬೇಡಿ. ಅವರಿಗೆ ಕೊಡುವ ಖುಷಿ ಬೇಕು, ಅದಕ್ಕೆ ಪಥ್ಯದ ಊಟಕ್ಕೆ ಬೇಯಿಸಿದ ಅದೇ ಮಾಂಸದ ಚೂರುಗಳನ್ನು ಒಂದು ಡಬ್ಬದಲ್ಲಿ ಹಾಕಿ ಅವರ ಕೈಗೆ ಕೊಡಿ, ಚಾದ ಹೊತ್ತಿಗೆ ಅವರೇ ಕೊಡಲಿ. 8 ವಾರದಲ್ಲಿ ಕೆರೆತ ಇಳಿದರೆ ಹಳೆಯ ಊಟ ಮತ್ತೆ ಕೊಟ್ಟು ನೋಡಬೇಕು, ಆಗ ತಿರುಗಿ ಬಂದರೆ ಮಾತ್ರ ಊಟವೇ ಕಾರಣ ಅಂತ ಖಾತ್ರಿ. ನಡುವೆ ಏನಾದರೂ ಬಾಯಿಗೆ ಬಿದ್ದರೆ ಮುಚ್ಚಿಡಬೇಡಿ, ಕ್ಯಾಲೆಂಡರಿನಲ್ಲಿ ಬರೆದಿಟ್ಟು ಡಾಕ್ಟರಿಗೆ ಹೇಳಿ, ಪಥ್ಯವನ್ನು 8 ವಾರಕ್ಕಿಂತ ಮುಂದುವರಿಸಬೇಕಾ ಅಂತ ಅವರು ಹೇಳುತ್ತಾರೆ.