ಗೂಟ ಖಾಲಿ ಇತ್ತು

ಓದುಗರ ಪ್ರಶ್ನೆ: ಹಾಸನದ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಒಬ್ಬರ ಉತ್ತರ

ಪ್ರಶ್ನೆ: ಪ್ರತಿ ಎಲೆಕ್ಷನ್‌ಗೂ ನಮ್ಮ ಲೈಸೆನ್ಸ್ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಇತ್ತ ಕಾಡುಹಂದಿ ಗದ್ದೆ ಹಾಳು ಮಾಡುತ್ತದೆ. ಸ್ವಿಟ್ಜರ್‌ಲೆಂಡ್‌ನಲ್ಲಿ ಎಷ್ಟೋ ಮನೆಗಳಲ್ಲಿ ಬಂದೂಕಿದ್ದರೂ ಕೊಲೆ ಕಡಿಮೆಯಂತೆ. ಮೆಕ್ಸಿಕೋದಲ್ಲಿ ಕಾನೂನು ಬಿಗಿ, ಆದರೂ ದಿನಾ ಹೆಣ ಬೀಳುತ್ತದೆ. ಹಾಗಾದರೆ ಕೋವಿ ಕಾನೂನಿನಿಂದ ಅಪರಾಧ ಇಳಿಯುತ್ತದೆ ಅನ್ನೋದು ಸುಮ್ನೆ ಮಾತಲ್ವಾ?
– ಕಾಫಿ ಬೆಳೆಗಾರರೊಬ್ಬರು, ಮೂಡಿಗೆರೆ

ಉತ್ತರ: ನಿಮ್ಮ ಸಿಟ್ಟು ನನಗೆ ಹೊಸದಲ್ಲ. ಸಕಲೇಶಪುರದ ಕಡೆ ಒಂದು ಠಾಣೆಯಲ್ಲಿ ನಾನು ರೈಟರ್ ಆಗಿದ್ದೆ. ಎಲೆಕ್ಷನ್ ಘೋಷಣೆಯಾದ ವಾರವೇ ಕೋವಿಗಳು ಬರಲು ಶುರು. ಒಂಟಿ ನಳಿಗೆ, ಜೋಡಿ ನಳಿಗೆ, ಅಜ್ಜನ ಕಾಲದ ಕೇಪಿನ ಕೋವಿ. ಕೆಲವರು ಗೋಣಿಯಲ್ಲಿ ಸುತ್ತಿ ತರುತ್ತಿದ್ದರು, ಕೆಲವರು ಹಳೇ ಬೆಡ್‌ಶೀಟ್‌ನಲ್ಲಿ. ಒಂದೊಂದಕ್ಕೂ ರಟ್ಟಿನ ಚೀಟಿ ಕಟ್ಟಿ, ಹೆಸರು ಮತ್ತು ಲೈಸೆನ್ಸ್ ನಂಬರ್ ಬರೆದು ರಸೀದಿ ಕೊಡುತ್ತಿದ್ದೆ. ವಯಸ್ಸಾದ ಯಜಮಾನರೊಬ್ಬರು ಪ್ರತಿ ಸಲವೂ ನಳಿಗೆಗೆ ಎಣ್ಣೆ ಸವರಿ, ಬಾಯಿಗೆ ಬಟ್ಟೆ ತುರುಕಿ ತರುತ್ತಿದ್ದರು. "ತುಕ್ಕು ಹಿಡಿಸಬೇಡಿ ಸಾರ್" ಅಂತ ಹೇಳದೆ ಹೋಗುತ್ತಿರಲಿಲ್ಲ.

ಅಂಥ ಒಂದು ಎಲೆಕ್ಷನ್ ಸಮಯದಲ್ಲಿ ಅಣ್ಣತಮ್ಮಂದಿರಿಬ್ಬರಿಗೆ ಬೇಲಿ ವಿಷಯಕ್ಕೆ ಜಗಳ ಹತ್ತಿತು. ಬೇಲಿ ಒಂದೂವರೆ ಅಡಿ ಸರಿದಿದೆ ಅಂತ. ಮಾತಿಗೆ ಮಾತು ಬೆಳೆದು ಅಣ್ಣ ಮನೆಯೊಳಗೆ ಓಡಿದ. ಬಾಗಿಲ ಹಿಂದಿನ ಗೂಟಕ್ಕೆ ಕೈ ಹಾಕಿದ. ಗೂಟ ಖಾಲಿ ಇತ್ತು. ಕೋವಿ ನಮ್ಮ ಠಾಣೆಯಲ್ಲಿತ್ತು. ಕೈಗೆ ಸಿಕ್ಕ ದೊಣ್ಣೆ ತಗೊಂಡು ಬಂದು ಬೀಸಿದ. ತಮ್ಮನ ಮುಂಗೈ ಮುರಿಯಿತು. ಹೇಳಿಕೆ ಬರೆದುಕೊಂಡವನು ನಾನೇ. "ಕೋವಿ ಇದ್ದಿದ್ರೆ ಹೊಡೆದೇಬಿಡ್ತಿದ್ದೆ ಸಾರ್" ಅಂತ ಅಣ್ಣ ನನ್ನ ಮೇಜಿನ ಮುಂದೆ ಕೂತು ಅತ್ತ. ಎರಡು ವರ್ಷದ ಮೇಲೆ ಆ ತಮ್ಮನ ಮಗಳ ಮದುವೆಗೆ ಹೋಗಿದ್ದೆ. ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದವನು ಅದೇ ಅಣ್ಣ.

ಕೋವಿ ಠಾಣೆಯಲ್ಲಿದ್ದ ಮಾತ್ರಕ್ಕೆ ಜಗಳ ನಿಲ್ಲಲಿಲ್ಲ. ಹೆಣ ಬೀಳಲಿಲ್ಲ, ಅಷ್ಟೇ. ಬೇರೆ ದೇಶಗಳ ಲೆಕ್ಕ ಓದಿದಾಗಲೂ ನನಗೆ ಕಾಣುವುದು ಇದೇ. ಕಳ್ಳತನ, ಹೊಡೆದಾಟದಲ್ಲಿ ಅಮೆರಿಕ ಉಳಿದ ಶ್ರೀಮಂತ ದೇಶಗಳಿಗಿಂತ ತೀರಾ ಬೇರೆಯಲ್ಲ. ಕೊಲೆಯಲ್ಲಿ ಮಾತ್ರ ಹಲವು ಪಟ್ಟು ಜಾಸ್ತಿ. ಅಲ್ಲಿ 100 ಜನಕ್ಕೆ ಸುಮಾರು 120 ಬಂದೂಕುಗಳಿವೆ. ನಾಲ್ಕು ಕೊಲೆಯಲ್ಲಿ ಮೂರು ಬಂದೂಕಿನಿಂದಲೇ ಆಗುತ್ತವೆ. ಕುಡಿದವರ ಜಗಳ, ಗಂಡ ಹೆಂಡತಿ ಜಗಳ ಎಲ್ಲ ಊರಲ್ಲೂ ಇದ್ದದ್ದೇ. ಸಿಟ್ಟಿನಲ್ಲಿ ಕೈಗೆ ಏನು ಸಿಗುತ್ತದೆ ಅನ್ನೋದರ ಮೇಲೆ ಜೀವ ನಿಂತಿದೆ.

ಸ್ವಿಟ್ಜರ್‌ಲೆಂಡ್ ಬಗ್ಗೆ ನೀವು ಹೇಳಿದ್ದು ನಿಜ. ಅಲ್ಲಿ 100 ಜನಕ್ಕೆ 27ರಷ್ಟು ಬಂದೂಕುಗಳಿವೆ, ಕೊಲೆ ಬಹಳ ಕಡಿಮೆ. ಆದರೆ ಅಲ್ಲಿ ಕಾನೂನು ಇಲ್ಲ ಅಂದುಕೊಳ್ಳಬೇಡಿ. ಪಿಸ್ತೂಲು ಕೊಳ್ಳಲು ಪರವಾನಗಿ ಬೇಕು, ಪೂರ್ವಾಪರ ವಿಚಾರಿಸುತ್ತಾರೆ. ಸೈನ್ಯದ ಸೇವೆಯಲ್ಲಿರುವವರು ರೈಫಲನ್ನು ಮನೆಯಲ್ಲಿಟ್ಟುಕೊಳ್ಳಬಹುದು. ಆದರೆ ಮನೆಯಲ್ಲಿದ್ದ ಗುಂಡುಗಳನ್ನು ವಾಪಸ್ ತರಿಸಿಕೊಳ್ಳಲು 2007ರಲ್ಲಿ ತೀರ್ಮಾನವಾಯಿತು. ಇನ್ನೊಂದು ಸಂಗತಿ ನನ್ನನ್ನು ತುಂಬ ತಟ್ಟಿತು. 2003ರ ಸುಮಾರಿಗೆ ಆ ದೇಶ ತನ್ನ ಸೈನ್ಯವನ್ನು ಅರ್ಧದಷ್ಟು ಇಳಿಸಿತು. ಮನೆಯಲ್ಲಿದ್ದ ರೈಫಲುಗಳು ಕಡಿಮೆಯಾದವು. ಸೈನ್ಯದ ಸೇವೆಯ ವಯಸ್ಸಿನ ಗಂಡಸರ ಆತ್ಮಹತ್ಯೆಯೂ ಇಳಿಯಿತು. ಬಂದೂಕು ಸಿಗದವರಲ್ಲಿ ಹೆಚ್ಚಿನವರು ಬೇರೆ ದಾರಿ ಹುಡುಕಲಿಲ್ಲ, ಬದುಕಿಕೊಂಡರು. ಕಾಫಿ ರೇಟ್ ಬಿದ್ದ ವರ್ಷಗಳನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ.

ಇನ್ನು ಮೆಕ್ಸಿಕೋ. ಎಷ್ಟೋ ವರ್ಷ ಇಡೀ ದೇಶಕ್ಕೆ ಒಂದೇ ಬಂದೂಕಿನ ಅಂಗಡಿ, ಅದೂ ಸೈನ್ಯದ ಕೈಯಲ್ಲಿ. ಆದರೆ ಡ್ರಗ್ಸ್ ಗ್ಯಾಂಗ್‌ಗಳಿಗೆ ಪಕ್ಕದ ಅಮೆರಿಕದಿಂದ ಬಂದೂಕು ಕದ್ದುಮುಚ್ಚಿ ಬರುತ್ತದೆ. ತೋಟಕ್ಕೆ ಮೂರು ಕಡೆ ಬೇಲಿ ಹಾಕಿ ನಾಲ್ಕನೇ ಕಡೆ ಬಿಟ್ಟರೆ ದನ ನುಗ್ಗದೆ ಇರುತ್ತಾ?

ಆಸ್ಟ್ರೇಲಿಯಾದಲ್ಲಿ 1996ರಲ್ಲಿ ಪೋರ್ಟ್ ಆರ್ಥರ್ ಎಂಬಲ್ಲಿ ಒಬ್ಬನೇ 35 ಜನರನ್ನು ಕೊಂದ. ಸರ್ಕಾರ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ದುಡ್ಡು ಕೊಟ್ಟು ವಾಪಸ್ ತಗೊಂಡು ನಾಶ ಮಾಡಿತು. ಬಂದೂಕಿನ ಸಾವು ಅದಕ್ಕೂ ಮುಂಚೆಯೇ ಇಳಿಯುತ್ತಿತ್ತು. ಹಾಗಾಗಿ ಕಾನೂನಿನ ಪಾಲು ಎಷ್ಟು ಅಂತ ತಿಳಿದವರು ಇನ್ನೂ ವಾದ ಮಾಡುತ್ತಿದ್ದಾರೆ. ಆ ವಾದ ನ್ಯಾಯವಾದದ್ದೇ. ಬಡತನ, ಗ್ಯಾಂಗ್, ಪೊಲೀಸರ ಮೇಲಿನ ನಂಬಿಕೆ, ಇವೆಲ್ಲ ಸೇರಿಯೇ ಅಪರಾಧ ಏರುತ್ತದೆ, ಇಳಿಯುತ್ತದೆ.

ಹಂದಿ ಕಾಟದ ಮಾತಿಗೆ ಬರೋಣ. ಎಲೆಕ್ಷನ್‌ನಲ್ಲಿ ಯಾರ ಕೋವಿ ಒಪ್ಪಿಸಬೇಕು ಅಂತ ಪರಿಶೀಲಿಸಲು ಜಿಲ್ಲೆಯಲ್ಲಿ ಸಮಿತಿ ಇರುತ್ತದೆ. ನಿಮ್ಮದು ಬೆಳೆ ರಕ್ಷಣೆಯ ಲೈಸೆನ್ಸ್ ಆಗಿದ್ದರೆ ವಿನಾಯಿತಿ ಕೇಳಿ ಬರವಣಿಗೆಯಲ್ಲಿ ಅರ್ಜಿ ಕೊಡಿ. ಸಿಕ್ಕರೆ ಕೋವಿಯನ್ನು ಗೂಟಕ್ಕೆ ನೇತುಹಾಕಬೇಡಿ. ಬೀರುವಿನಲ್ಲಿಟ್ಟು ಬೀಗ ಹಾಕಿ. ತೋಟಾ (ಗುಂಡು) ಬೇರೆ ಕಡೆ ಇರಲಿ.

ಪ್ರಶ್ನೆ: ಅಪ್ಪ ತೀರಿಕೊಂಡು ನಾಲ್ಕು ವರ್ಷ. ಅವರ ಕೋವಿ ಅಟ್ಟದ ಮೇಲಿದೆ. ಲೈಸೆನ್ಸ್ ಮುಗಿದಿದೆ. ಠಾಣೆಗೆ ಹೋಗಲು ಭಯ.
– ಗೃಹಿಣಿಯೊಬ್ಬರು, ಆಲೂರು

ಉತ್ತರ: ಭಯ ಬೇಡಮ್ಮ, ಆದರೆ ಇನ್ನು ತಡ ಮಾಡಬೇಡಿ. 1959ರ ಆಯುಧ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಅಂಥ ಕೋವಿಯನ್ನು ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಡೀಲರ್‌ಗೋ ಒಪ್ಪಿಸಬೇಕು. ಮೊದಲು ಅಪ್ಪನ ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ ತಗೊಂಡು, ಮನೆಯ ಹಿರಿಯರೊಬ್ಬರ ಜೊತೆ ಠಾಣೆಗೆ ಹೋಗಿ ವಿಷಯ ತಿಳಿಸಿ. ಕೋವಿಯನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗಬೇಡಿ. ಒಳಗೆ ತೋಟಾ ಇದೆಯಾ ಅಂತ ನೋಡಲು ಕೋವಿಯ ಕುದುರೆ (ಟ್ರಿಗರ್) ಎಳೆಯಬೇಡಿ, ಮಕ್ಕಳನ್ನು ಅಟ್ಟ ಹತ್ತಿಸಬೇಡಿ. ಮನೆಯಲ್ಲಿ ಕೋವಿ ಉಳಿಯಬೇಕು ಅಂತಿದ್ದರೆ ವಾರಸುದಾರರು ಜಿಲ್ಲಾಧಿಕಾರಿಗೆ ಹೊಸ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ಒಪ್ಪಿಸಿದ ಮೇಲೆ ರಸೀದಿ ಕೈಗೆ ಬರುವ ತನಕ ಠಾಣೆಯಿಂದ ಏಳಬೇಡಿ.