ಸಂಪಾದಕರ ಉತ್ತರ: ಜೀನ್ ಮೇಲಿನ ಗುರುತು

ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ಹತ್ತು ವರ್ಷ ಸೇದಿದ ಸಿಗರೇಟಿನ ಗುರುತು ಜೀನ್‌ಗಳ ಮೂಲಕ ಮಕ್ಕಳಿಗೂ ಹೋಗುತ್ತದೆಯೇ? ಜೊಲ್ಲು ಕೊಟ್ಟರೆ ‘ಜೈವಿಕ ವಯಸ್ಸು’ ಹೇಳುವ ಪರೀಕ್ಷೆ ಮಾಡಿಸಬಹುದೇ? ಅಸ್ಥಿಮಜ್ಜೆಯ ಕಾಯಿಲೆಗೆ ನಿಮ್ಮ ಚಿಕ್ಕಪ್ಪನಿಗೆ ಅಜಾಸಿಟಿಡಿನ್ ಎಂಬ ಮದ್ದು ಕೊಡುತ್ತಿದ್ದು, ಎರಡು ಸುತ್ತು ಮುಗಿದರೂ ರಕ್ತಕಣ ಇಳಿಯುತ್ತಲೇ ಇರುವುದೇಕೆ?

ಗುರುತು ಎಂದರೆ ಸೈಟೋಸಿನ್ ಎಂಬ ಡಿಎನ್‌ಎ ಅಕ್ಷರಕ್ಕೆ ಅಂಟುವ ಪುಟ್ಟ ಮೀಥೈಲ್ ಗುಂಪು: ಒಂದು ಇಂಗಾಲ, ಮೂರು ಜಲಜನಕ. ಅಕ್ಷರ ಬದಲಾಗದು, ಆದರೆ ಜೀನ್‌ನ ಆರಂಭದಲ್ಲಿ ಇವು ಒತ್ತೊತ್ತಾಗಿ ಅಂಟಿದರೆ ಆ ಜೀನ್ ಸಾಮಾನ್ಯವಾಗಿ ಕೆಲಸ ನಿಲ್ಲಿಸುತ್ತದೆ. ಜೀವಕೋಶ ಎರಡಾಗುವಾಗ ಹೊಸ ಎಳೆಯಲ್ಲಿ ಗುರುತು ಇರುವುದಿಲ್ಲ. ಡಿಎನ್‌ಎಂಟಿ1 ಎಂಬ ಕಿಣ್ವ ಹಳೆಯ ಎಳೆ ನೋಡಿಕೊಂಡು ಅದನ್ನು ಹಚ್ಚುತ್ತದೆ. ಈ ನಕಲು ಕೆಲಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸಿಗರೇಟು ಸೇದುವವರ ರಕ್ತಕೋಶಗಳಲ್ಲಿ ಎಎಚ್‌ಆರ್‌ಆರ್ ಎಂಬ ಜೀನ್‌ನ ಮೀಥೈಲ್ ಗುರುತು ಕಡಿಮೆಯಾಗುತ್ತದೆ. ಬಿಟ್ಟ ಮೇಲೆ ವರ್ಷಗಳಲ್ಲಿ ನಿಧಾನವಾಗಿ ಮರಳುತ್ತದೆ. ಇದು ಹೊಗೆಯ ಲೆಕ್ಕದ ಪುಸ್ತಕವಿದ್ದಂತೆ. ಕಾಯಿಲೆಗೆ ಇದೇ ಕಾರಣ ಎನ್ನಲಾಗದು. ರಕ್ತದಲ್ಲಿನ ಗುರುತು ಮಕ್ಕಳಿಗೆ ಹೋಗುವುದೂ ಇಲ್ಲ. ಅಂಡ, ವೀರ್ಯಾಣುಗಳ ಪೂರ್ವಕೋಶಗಳಲ್ಲಿ ಒಮ್ಮೆ, ಗರ್ಭಧಾರಣೆಯಾದ ಮೊದಲ ದಿನಗಳಲ್ಲಿ ಇನ್ನೊಮ್ಮೆ ಬಹುಪಾಲು ಗುರುತುಗಳು ಅಳಿಸಿಹೋಗುತ್ತವೆ. ಗರ್ಭಿಣಿ ಸೇದಿದರೆ ಮಾತು ಬೇರೆ: ಆಗ ಹೊಗೆಯ ಅಂಶ ನೇರವಾಗಿ ಭ್ರೂಣಕ್ಕೇ ತಲುಪುತ್ತದೆ, ನವಜಾತ ಶಿಶುವಿನ ಹೊಕ್ಕುಳಬಳ್ಳಿಯ ರಕ್ತದಲ್ಲೂ ಅದೇ ಬದಲಾವಣೆ ಕಾಣುತ್ತದೆ. ಅದು ಹೊಗೆ ತಾಗಿ ಆದದ್ದು, ಬಳುವಳಿಯಲ್ಲ.

ವಯಸ್ಸಿನ ಪರೀಕ್ಷೆಗೆ ದುಡ್ಡು ಸುರಿಯಬೇಡಿ. 2013ರಲ್ಲಿ ವಿಜ್ಞಾನಿ ಸ್ಟೀವ್ ಹೊರ್ವಾತ್ ಇಂಥ ಗುರುತು ಅಂಟುವ 353 ಜಾಗಗಳನ್ನು ಅಳೆದು ವಯಸ್ಸು ಅಂದಾಜಿಸುವ ಸೂತ್ರ ಪ್ರಕಟಿಸಿದರು. ದೊಡ್ಡ ಗುಂಪುಗಳ ಅಧ್ಯಯನಕ್ಕೆ ಅದು ಒಳ್ಳೆಯ ಸಾಧನ. ಆದರೆ ಜೊಲ್ಲಿನಲ್ಲಿ ಬಿಳಿ ರಕ್ತಕಣವೂ ಕೆನ್ನೆಯ ಒಳಪದರದ ಕೋಶವೂ ಬೆರೆತಿರುತ್ತವೆ, ಎರಡರ ಗುರುತೂ ಬೇರೆ. ವಸಡು ಊದಿದ ದಿನ ಬಿಳಿ ಕಣ ಹೆಚ್ಚುತ್ತದೆ. ಆ ಪಾಲನ್ನು ಸರಿದೂಗಿಸದಿದ್ದರೆ ಅಂಕಿಯೂ ವಾಲುತ್ತದೆ. ಪ್ರಯೋಗಾಲಯದಲ್ಲೂ ಎಡವಟ್ಟಾಗಬಹುದು. ಗುರುತು ಪತ್ತೆಗೆ ಬೈಸಲ್ಫೈಟ್ ಎಂಬ ರಾಸಾಯನಿಕ ಹಾಕಿದಾಗ ಗುರುತಿಲ್ಲದ ಸೈಟೋಸಿನ್ ಮಾತ್ರ ಯುರಾಸಿಲ್ ಎಂಬ ಬೇರೆ ಅಕ್ಷರ ಆಗಬೇಕು. ಕ್ರಿಯೆ ಅರ್ಧಕ್ಕೇ ನಿಂತರೆ ಉಳಿದದ್ದೆಲ್ಲ ‘ಗುರುತಿದೆ’ ಎಂದೇ ಲೆಕ್ಕಕ್ಕೆ ಬರುತ್ತದೆ. ಒಂದೇ ಮಾದರಿಯನ್ನು ಎರಡು ಸಲ ಅಳೆದರೂ ಕೆಲವು ವರ್ಷಗಳ ಅಂತರ ಬರುವುದುಂಟು.

ಇನ್ನು ಚಿಕ್ಕಪ್ಪನವರ ವಿಷಯ. ಅಜಾಸಿಟಿಡಿನ್ ಇದ್ದ ಗುರುತನ್ನು ಕಿತ್ತುಹಾಕುವುದಿಲ್ಲ. ಸೈಟೋಸಿನ್‌ನ ವೇಷದಲ್ಲಿ ಡಿಎನ್‌ಎಗೆ ಸೇರಿ ಆ ನಕಲು ಕಿಣ್ವವನ್ನೇ ಹಿಡಿದಿಡುತ್ತದೆ. ಹಾಗಾಗಿ ಕೋಶ ಎರಡಾದಷ್ಟೂ ಗುರುತು ತೆಳುವಾಗುತ್ತ ಹೋಗಬೇಕು, ಕಾಯದೆ ಬೇರೆ ದಾರಿಯಿಲ್ಲ. ಸಾಮಾನ್ಯ ಕ್ರಮ 28 ದಿನಕ್ಕೊಮ್ಮೆ 7 ದಿನ ಚುಚ್ಚುಮದ್ದು. ಫಲ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಕನಿಷ್ಠ 6 ಸುತ್ತು ಬೇಕು. ಮೊದಲ ಸುತ್ತುಗಳಲ್ಲಿ ರಕ್ತಕಣ ಇನ್ನಷ್ಟು ಇಳಿಯುವುದು ನಿರೀಕ್ಷಿತವೇ. ಅದಕ್ಕೆ ಹೆದರಿ ನೀವೇ ಮದ್ದು ನಿಲ್ಲಿಸಬೇಡಿ. ಜ್ವರ ಬಂದರೆ, ವಸಡಿನಲ್ಲೋ ಮೂಗಿನಲ್ಲೋ ರಕ್ತ ಜಿನುಗಿದರೆ ಮಾತ್ರ ಮುಂದಿನ ಭೇಟಿಗೆ ಕಾಯದೆ ಅದೇ ದಿನ ವೈದ್ಯರನ್ನು ಕಾಣಿ.